ದುಡ್ಡು ಕೊಟ್ಟು ನಡೆದವರು

"ಎಂಟುನೂರು ರೂಪಾಯಿ ಕೊಟ್ಟು ಹಂಪನಕಟ್ಟೆಯಲ್ಲಿ ನಡೆದು ಬಂದೆಯಾ?" ಕುಶಾಲಪ್ಪ ಕಾಫಿ ಲೋಟ ಕೆಳಗಿಟ್ಟ. "ಮಂಗಳೂರಿಗೆ ಹೋದಾಗಲೆಲ್ಲ ನಾನು ಅಲ್ಲಿ ಪುಕ್ಕಟೆ ನಡೆದಿದ್ದೇನೆ. ಅಷ್ಟು ಬೆಲೆಬಾಳುವ ರಸ್ತೆ ಎಂದು ಯಾರೂ ಹೇಳಲೇ ಇಲ್ಲ!"

"ಅದು ಬರಿಯ ನಡಿಗೆಯಲ್ಲ, ಹೆರಿಟೇಜ್ ವಾಕ್," ಎಂದ ಪೊನ್ನಪ್ಪ. ಅವರು ಕೊಟ್ಟ ಗುರುತಿನ ಚೀಟಿ ಮಡಿಕೇರಿ ತಲುಪಿದರೂ ಅವನ ಕೊರಳಿನಿಂದ ಇಳಿದಿರಲಿಲ್ಲ. "ಕಣ್ಣು ಮುಚ್ಚಿ ಹಳೆಯ ಪೇಟೆಯ ಸದ್ದು ಆಲಿಸಿ ಎಂದ ಗೈಡ್. ಮೈ ಜುಮ್ಮೆಂದಿತು."

"ಹಂಪನಕಟ್ಟೆಯಲ್ಲಿ ಕಣ್ಣು ಮುಚ್ಚಿದವನು ಮತ್ತೆ ತೆರೆಯುವುದು ಪಕ್ಕದ ವೆನ್ಲಾಕ್ ಆಸ್ಪತ್ರೆಯಲ್ಲಿ. ಚಿಂತೆಯಿಲ್ಲ, ಅದೂ 1848ರದು. ಪರಂಪರೆಗೆ ಭಂಗ ಬರುವುದಿಲ್ಲ."

ಭಟ್ಟರು ಉದ್ದಿನ ವಡೆಯಿಂದ ತಲೆಯೆತ್ತಿದರು. "ದಾರಿಹೋಕರಿಗೆ ನೀರು ಕೊಡುತ್ತಿದ್ದ ಅಪ್ಪಣ್ಣನೆಂಬ ಮುದುಕನ ಕಟ್ಟೆ ಅದು ಎಂಬ ಪ್ರತೀತಿ ಇದೆಯಲ್ಲವೇ?"

"ಗೈಡ್ ಹೇಳಿದ ಭಟ್ಟರೇ. ಅಲ್ಲಿಗೇ ಎಲ್ಲರಿಗೂ ಒಂದೊಂದು ಬಾಟಲಿ ನೀರು ಕೊಟ್ಟರು."

"ಎಂಟುನೂರರಲ್ಲಿ ಸೇರಿಸಿ," ಎಂದ ಕುಶಾಲಪ್ಪ. "ಪಾಪ ಅಪ್ಪಣ್ಣ. ಪುಕ್ಕಟೆ ಕೊಟ್ಟು ಕೆಟ್ಟ."

ಪೊನ್ನಪ್ಪ ಸೋಲಲಿಲ್ಲ. 2021ರಲ್ಲಿ ರಸ್ತೆ ಅಗೆದಾಗ ಸಿಕ್ಕಿದ ದೊಡ್ಡ ಬಾವಿಯನ್ನು ತೋರಿಸಿದರಂತೆ. ಕೆಡವಿ ಮತ್ತೆ ಕಟ್ಟಿದ ಗಡಿಯಾರ ಗೋಪುರದ ಮುಂದೆ ಫೋಟೋ ತೆಗೆದರಂತೆ. ಹಳೆಯ ಬಸ್ ನಿಲ್ದಾಣವಿದ್ದ ಜಾಗದಲ್ಲಿ ಒಂದು ನಿಮಿಷ ಮೌನವಾಗಿ ನಿಂತರಂತೆ.

"ಆ ನಿಲ್ದಾಣದಲ್ಲಿ ಬಸ್ಸಿಗಾಗಿ ನಾವು ಗಂಟೆಗಟ್ಟಲೆ ನಿಂತಿದ್ದೇವೆ. ಮೌನವಾಗಿ ಮಾತ್ರ ಅಲ್ಲ," ಎಂದ ಕುಶಾಲಪ್ಪ. "ಬಾವಿಯ ಮೇಲೆ ಡಾಂಬರು ಹಾಕಿದವರೂ ನಾವೇ, ಅಗೆದು ಬೆರಗಾದವರೂ ನಾವೇ. ನಡುವೆ ಟಿಕೆಟ್ ಹರಿಯುವವನೊಬ್ಬ ಹುಟ್ಟಿಕೊಂಡ."

"ಬಾವುಟಗುಡ್ಡೆಗೆ ಕರೆದುಕೊಂಡು ಹೋದರೇ?" ಭಟ್ಟರು ಕೇಳಿದರು. "ಹತ್ತಿರದಲ್ಲೇ ಇದೆ. 1837ರ ಏಪ್ರಿಲ್ 5ರಂದು ನಮ್ಮ ಕಡೆಯವರು ಬ್ರಿಟಿಷರ ಬಾವುಟ ಇಳಿಸಿ ತಮ್ಮದನ್ನು ಏರಿಸಿದ ಜಾಗ. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು."

"ಅದು ಬೇರೆ ಪ್ಯಾಕೇಜ್," ಎಂದ ಪೊನ್ನಪ್ಪ ಮೆಲ್ಲಗೆ.

ಕುಶಾಲಪ್ಪನಿಗೆ ಇಷ್ಟೇ ಸಾಕಾಯಿತು. "ನೋಡಿ, ಅದು ನಡಿಗೆ! 1834ರಲ್ಲಿ ಕೊಡಗನ್ನು ನುಂಗಿದ ಕಂಪನಿ ಸರ್ಕಾರ ಅದುವರೆಗೆ ಕೊಡಗಿನದೇ ಆಗಿದ್ದ ಅಮರಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೊಡಿ ಎಂದಿತು. ರೈತನ ಕಣಜದಲ್ಲಿ ಭತ್ತ ಬೆಳೆದೀತು, ಬೆಳ್ಳಿ ನಾಣ್ಯ ಬೆಳೆದೀತೇ? ಕೆದಂಬಾಡಿ ರಾಮಯ್ಯಗೌಡರು, ಕಲ್ಯಾಣಪ್ಪ, ಎಲ್ಲರೂ ಬಂಡೆದ್ದು ಹೊರಟರು. ಬೆಳ್ಳಾರೆಯ ಖಜಾನೆ ಹಿಡಿದು ಪುತ್ತೂರು, ಬಂಟ್ವಾಳ ದಾಟಿ ಕಡಲ ತನಕ ನಡೆದರು. ದುಡ್ಡು ಕೊಡುವುದಿಲ್ಲ ಎಂದೇ ನಡೆದವರು. ನೀನು ಅದೇ ಊರಿಗೆ ಹೋಗಿ ದುಡ್ಡು ಕೊಟ್ಟು ನಡೆದು ಬಂದೆ."

ಪೊನ್ನಪ್ಪ ಚೀಟಿಯನ್ನು ತೆಗೆದು ಜೇಬಿಗೆ ಸೇರಿಸಿದ.

"ಆ ಬಂಡಾಯದ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಗಲ್ಲಿಗೇರಿಸಿದ್ದು ಮಾತ್ರ ಇಲ್ಲೇ," ಎಂದರು ಭಟ್ಟರು. "1837ರ ಅಕ್ಟೋಬರ್ 31. ನಮ್ಮ ಕೋಟೆಯಲ್ಲಿ."

ಯಾರೂ ಒಡನೆ ಮಾತಾಡಲಿಲ್ಲ. ಆಮೇಲೆ ಕುಶಾಲಪ್ಪನೇ ಹೇಳಿದ: "ಚಿಕ್ಕವನಿದ್ದಾಗ ಅಪ್ಪನ ಜೊತೆ ಕೋಟೆಯೊಳಗಿನ ಸರ್ಕಾರಿ ಕಚೇರಿಗೆ ಹೋಗುತ್ತಿದ್ದೆ. ವಂಶಪಾರಂಪರ್ಯವಾಗಿ ಬಂದ ನಮ್ಮ ಜಮ್ಮಾ ಜಮೀನಿನ ಕಾಗದಕ್ಕಾಗಿ. ಒಮ್ಮೆ ಅಪ್ಪ ಹೆಬ್ಬಾಗಿಲ ಬಳಿ ನಿಂತು ಅಪ್ಪಯ್ಯಗೌಡರ ಕಥೆ ಶುರು ಮಾಡಿದ. ಅಷ್ಟರಲ್ಲಿ ಗುಮಾಸ್ತ ಊಟಕ್ಕೆ ಏಳುತ್ತಾನೆಂದು ನೆನಪಾಯಿತು. ಕೈ ಹಿಡಿದು ಎಳೆದುಕೊಂಡು ಓಡಿದ. ಕಾಗದ ಸಿಕ್ಕಿತು. ಕಥೆ ಮುಂದುವರಿಯಲಿಲ್ಲ."

"ಆಮೇಲೆ ಕೇಳಬಹುದಿತ್ತಲ್ಲ?"

"ಕೇಳಬಹುದಿತ್ತು," ಎಂದ ಕುಶಾಲಪ್ಪ.

ಪೊನ್ನಪ್ಪ ಮೊಬೈಲ್ ತೆಗೆದು ಬಿಲ್ಲಿನತ್ತ ಹಿಡಿದ. ಹೋಟೆಲಿನ ಯಜಮಾನರು ಗಲ್ಲಾದಿಂದಲೇ ಕೈಯಾಡಿಸಿದರು. ಮಳೆಗೆ ನೆಟ್‌ವರ್ಕ್ ಹೋಗಿದೆ, ನಗದು ಮಾತ್ರ.

"ಯಜಮಾನರೇ," ಕುಶಾಲಪ್ಪ ಕೊಡೆ ಹಿಡಿದು ಎದ್ದು ನಿಂತ, "ಈ ಮಾತನ್ನು ನಮ್ಮ ಕಡೆಯವರ ಹತ್ತಿರ ಆಡುವಾಗ ಗಲ್ಲಾಪೆಟ್ಟಿಗೆ ಸ್ವಲ್ಪ ಭದ್ರವಾಗಿ ಹಿಡಿದುಕೊಳ್ಳಿ."