ಎರಡು ಮೀಟರ್, ಎರಡು ಲೆಕ್ಕ: ಯಾವುದನ್ನು ನಂಬೋದು?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ತೋಟದ ಮನೆಯಿಂದ):
ನಮಸ್ಕಾರ ಸಾರ್. ನನ್ನ ಹತ್ರ 300 ರೂಪಾಯಿಯ ಹಳೇ ಮಲ್ಟಿಮೀಟರ್ ಇದೆ. ಮೊನ್ನೆ ಮಗ ಬೆಂಗಳೂರಿನಿಂದ ಹೊಸದೊಂದು ತಂದ, ಮೇಲೆ ‘ಟ್ರೂ ಆರ್‌ಎಂಎಸ್’ ಅಂತ ಬರೆದಿದೆ. ಒಂದೇ ಪ್ಲಗ್ ಪಾಯಿಂಟಿನಲ್ಲಿ ಹಳೇದು 238 ವೋಲ್ಟ್ ತೋರಿಸಿದರೆ ಹೊಸದು 229.4 ತೋರಿಸುತ್ತದೆ. ಮಳೆಗೆ ಕರೆಂಟ್ ಹೋಗಿ ಯುಪಿಎಸ್ ಓಡುವಾಗ ನೋಡಿದರೆ ಹಳೇದು 262, ಹೊಸದು 228! ಹಳೇದನ್ನು ಕ್ಯಾಲಿಬ್ರೇಷನ್ ಮಾಡಿಸಿದರೆ ಸರಿಹೋಗುತ್ತಾ?

ಉತ್ತರ:
ಮೀಟರ್ ಜೊತೆ ಬಂದ ಪುಸ್ತಕದಲ್ಲಿ ಎಸಿ ವೋಲ್ಟೇಜ್ ಎದುರು ಏನು ಬರೆದಿದೆ ಹೇಳಿ. ಯುಪಿಎಸ್ ಯಾವ ತರದ್ದು?

ಪ್ರಶ್ನೆ ಕೇಳಿದವರು:
ಹಳೇದು 750 ವೋಲ್ಟ್ ರೇಂಜಿನಲ್ಲಿ ±(ಶೇ 1.2 + 10 ಡಿಜಿಟ್). ಹೊಸದು ±(ಶೇ 1 + 3 ಡಿಜಿಟ್). ಯುಪಿಎಸ್ ತುಂಬಾ ಹಳೇದು, ಸ್ಕ್ವೇರ್ ವೇವ್ (ಚೌಕಾಕಾರದ ಅಲೆ) ಕೊಡುವಂಥದ್ದು.

ಉತ್ತರ:
ಹಾಗಾದರೆ ಯಾವುದೂ ಕೆಟ್ಟಿಲ್ಲ ಮಾರಾಯ್ರೇ.

ಡಿಜಿಟ್ ಅಂದರೆ ಕೊನೇ ಅಂಕಿ. ಹಳೇ ಮೀಟರಿನಲ್ಲಿ ಅದು 1 ವೋಲ್ಟ್. 230ಕ್ಕೆ ಶೇ 1.2 ಅಂದರೆ 2.8, ಅದಕ್ಕೆ 10 ಸೇರಿಸಿ. ಸುಮಾರು 13 ವೋಲ್ಟ್ ಆಚೀಚೆ ಆದರೂ ಆ ಮೀಟರ್ ಹೇಳಿದ ಮಾತಿಗೆ ತಪ್ಪಿಲ್ಲ. ಹೊಸದರ ಕೊನೇ ಅಂಕಿ 0.1 ವೋಲ್ಟ್, ಹಾಗಾಗಿ ಅದರ ಆಚೀಚೆ ಬರೀ 2.6. ಅದನ್ನೇ ನಂಬಿ.

ಯುಪಿಎಸ್ ಕತೆ ಬೇರೆ. ಏರಿಳಿಯುವ ಎಸಿ ವೋಲ್ಟೇಜ್ ಎಷ್ಟು ಡಿಸಿ ವೋಲ್ಟೇಜಿನಷ್ಟು ಬಿಸಿ ಕೊಡುತ್ತದೋ ಅದೇ ಅದರ ಆರ್‌ಎಂಎಸ್. ಅಗ್ಗದ ಮೀಟರ್ ನಿಜವಾದ ಆರ್‌ಎಂಎಸ್ ಅಳೆಯುವುದಿಲ್ಲ. ಸರಾಸರಿ ಅಳೆದು 1.11ರಿಂದ ಗುಣಿಸಿ ತೋರಿಸುತ್ತದೆ. ಲೈನಿನ ಸೈನ್ ಅಲೆಗೆ (ನಯವಾಗಿ ಏರಿಳಿಯುವ ಅಲೆ) ಈ ಲೆಕ್ಕ ಸರಿ. ನಾವು ಹಸಿ ಅಡಿಕೆ ತೂಗಿ ಒಣ ಅಡಿಕೆ ಇಷ್ಟು ಅಂತ ಅಂದಾಜು ಹಾಕುತ್ತೇವಲ್ಲ, ಹಾಗೆ. ಒಣಗಿದ ಅಡಿಕೆಗೂ ಅದೇ ಲೆಕ್ಕ ಹಾಕಿದರೆ? ಸ್ಕ್ವೇರ್ ವೇವಿನಲ್ಲಿ ಸರಾಸರಿಯೂ ಆರ್‌ಎಂಎಸ್ಸೂ ಒಂದೇ. ಆದರೂ ಮೀಟರ್ ಗುಣಿಸಿಬಿಡುತ್ತದೆ: 228 ಇದ್ದದ್ದು 253 ಆಯಿತು. ಅದರ ಮೇಲೆ ಮೊದಲೇ ಇದ್ದ ಎಂಟೊಂಬತ್ತು ವೋಲ್ಟ್ ಹೆಚ್ಚಳ. ಒಟ್ಟು 262!

ಕ್ಯಾಲಿಬ್ರೇಷನ್ ಅಂದರೆ ರಿಪೇರಿ ಅಂತ ತುಂಬಾ ಜನ ತಿಳಿದಿದ್ದಾರೆ, ಅಲ್ಲ. ಇನ್ನೂ ನಿಖರವಾದ ಉಪಕರಣದ ಜೊತೆ ತಾಳೆ ನೋಡಿ ವ್ಯತ್ಯಾಸ ಬರೆದುಕೊಡುವುದು ಅಷ್ಟೇ. ಆ ಉಪಕರಣವನ್ನು ಅದಕ್ಕಿಂತ ಮೇಲಿನದರ ಜೊತೆ ತಾಳೆ ನೋಡಿರುತ್ತಾರೆ. ಹೀಗೆ ಸರಪಳಿ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದವರೆಗೆ ಹೋಗುತ್ತದೆ. ತಿದ್ದುವುದು ಆಮೇಲಿನ ಬೇರೆ ಕೆಲಸ. ತಿದ್ದಿದರೆ ನಿಮ್ಮ ಎಂಟೊಂಬತ್ತು ವೋಲ್ಟ್ ಕಮ್ಮಿಯಾದೀತು, 1.11ರ ತಪ್ಪು ಹೋಗುವುದಿಲ್ಲ. 300 ರೂಪಾಯಿ ಮೀಟರಿಗೆ ಆ ಖರ್ಚು ದಂಡ. ಒಳಗೆ ತಿರುಗಿಸುವ ಸಣ್ಣ ಸ್ಕ್ರೂ ಕಂಡರೆ ಸುಮ್ನೆ ಮುಟ್ಟಬೇಡಿ, ಒಂದನ್ನು ಸರಿಮಾಡಲು ಹೋಗಿ ಉಳಿದ ರೇಂಜೂ ಕೆಡಬಹುದು.

ಹಾಂ, ಬ್ಯಾಟರಿ ಗುರುತು ಮಿನುಗುತ್ತಿದ್ದರೆ ಮೊದಲು ಸೆಲ್ ಬದಲಿಸಿ. ಸೆಲ್ ಇಳಿದಾಗ ರೀಡಿಂಗ್ ಜಾಸ್ತಿ ತೋರಿಸುವ ಮೀಟರುಗಳಿವೆ.

ಇನ್ನೊಬ್ಬರು (ಸಾಗರ):
ಸಾರ್, ಸ್ವಿಚ್ ಆಫ್ ಮಾಡಿದ ವೈರಿನಲ್ಲೂ ನನ್ನ ಹೊಸ ಮೀಟರ್ 40 ವೋಲ್ಟ್ ತೋರಿಸುತ್ತದೆ. ಹಳೇದರಲ್ಲಿ ಹೆಚ್ಚುಕಮ್ಮಿ ಸೊನ್ನೆ. ಇಲ್ಲಿ ಹಳೇದೇ ಸರಿ ಅಲ್ವಾ?

ಉತ್ತರ:
ಎರಡೂ ಸರಿ ಇರಬಹುದು. ಪಕ್ಕದ ಲೈವ್ ವೈರಿನಿಂದ ಚೂರು ವೋಲ್ಟೇಜ್ ಸೋರಿಕೊಂಡು ಬರುತ್ತದೆ. ಹೊಸ ಮೀಟರುಗಳ ಒಳಗಿನ ರೋಧ ಸಾಮಾನ್ಯವಾಗಿ 10 ಮೆಗಾಓಮ್, ಆ ಚೂರನ್ನೂ ಹಿಡಿದು ತೋರಿಸುತ್ತವೆ. ಹಳೇದರ ರೋಧ ಕಮ್ಮಿ, ಅದಕ್ಕೇ ವೋಲ್ಟೇಜ್ ಅಲ್ಲೇ ಇಳಿದುಹೋಗುತ್ತದೆ. ಆ ವೈರಿಗೆ ಒಂದು ನಾರ್ಮಲ್ ಫಿಲಮೆಂಟ್ ಬಲ್ಬ್ ಹಾಕಿ ಅಳೆಯಿರಿ. ಸೊನ್ನೆಗೆ ಬಿದ್ದರೆ ಸೋರಿದ್ದೇ. ಬೀಳದಿದ್ದರೆ ಕೈ ಹಾಕಬೇಡಿ, ಮೇನ್ ಇಳಿಸಿ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.