ಭೋಸರಿ–ವರ್ನಾ ನಡುವೆ ಎಂಪಿಎಲ್ಎಸ್ (ಪ್ರೊವೈಡರ್‌ನ ಖಾಸಗಿ ಲಿಂಕ್) ಇದ್ರೂ ಟ್ರಾಫಿಕ್ ಎಲ್ಲಾ ಬ್ಯಾಕಪ್ ಟನಲ್ ಮ್ಯಾಲೇ ಹೊಂಟೈತಿ, ಯಾಕ್ರಿ?

ಭೋಸರಿ_ರೂಟರ್:
ನಮಸ್ಕಾರ್ರಿ ಎಲ್ಲಾರಿಗೂ. ನಮ್ದು ಮೂರು ಸೈಟ್, ಪುಣೆ ಭೋಸರಿ ಎಂಐಡಿಸಿಯೊಳಗ ಫ್ಯಾಕ್ಟರಿ, ಮುಂಬೈ ಅಂಧೇರಿಯಾಗ ಹೆಡ್ಡಾಫೀಸು, ಗೋವಾದ ವರ್ನಾದಾಗ ಪ್ಯಾಕಿಂಗ್ ಯೂನಿಟ್. ಮೂರೂ ಕಡೆ ಒಬ್ಬನೇ ಪ್ರೊವೈಡರ್‌ನ ಎಂಪಿಎಲ್ಎಸ್ ಲೇಯರ್ 3 ವಿಪಿಎನ್, ಅವರ ಪಿಇಗೆ (ಪ್ರೊವೈಡರ್ ಕಡೆ ಅಂಚಿನ ರೂಟರ್) ನಮ್ಮ ಸಿಸ್ಕೋ ರೂಟರ್‌ನಿಂದ ಬಿಜಿಪಿ (ಬೇರೆ ಬೇರೆ ನೆಟ್‌ವರ್ಕ್ ತಮ್ಮ ರೂಟ್ ಹೇಳಿಕೊಳ್ಳೂ ಪ್ರೋಟೊಕಾಲ್). ಒಳಗ ಓಎಸ್‌ಪಿಎಫ್ (ನಮ್ಮ ಒಳಗಿನ ರೂಟಿಂಗ್ ಪ್ರೋಟೊಕಾಲ್), ಅದನ್ನ ಬಿಜಿಪಿಗೆ, ಬಿಜಿಪೀನ ಅದಕ್ಕ, ಎರಡೂ ಕಡೆ ರೀಡಿಸ್ಟ್ರಿಬ್ಯೂಟ್ (ಒಂದರ ರೂಟ್ ಇನ್ನೊಂದಕ್ಕ ಹಾಕೂದು) ಐತಿ. ಅಂಧೇರಿಗೆ ಎಎಸ್ ನಂಬರ್ (ಬಿಜಿಪಿಯೊಳಗ ಒಂದು ನೆಟ್‌ವರ್ಕ್‌ನ ಗುರುತು) 65001, ಭೋಸರಿ ವರ್ನಾ ಎರಡಕ್ಕೂ 65010. ಅಂಧೇರಿಯಿಂದ ಎರಡೂ ಕಡೆ ಝಕಾಸ್ ನಡೀತೈತಿ. ಆದ್ರ ಭೋಸರಿಯಿಂದ ವರ್ನಾದ 10.20.0.0/16ಕ್ಕ ಟ್ರೇಸ್ (ಪ್ಯಾಕೆಟ್ ಹೋಗೂ ದಾರಿ ನೋಡೂದು) ಹಾಕಿದ್ರ ಎಂಪಿಎಲ್ಎಸ್ ಕಡೆ ತಿರುಗೂದೇ ಇಲ್ಲ, ಸೀದಾ ಫೈರ್‌ವಾಲ್‌ಗೆ ಹೋಗಿ ಐಪಿಸೆಕ್ (ಎನ್‌ಕ್ರಿಪ್ಟ್ ಮಾಡಿದ) ಟನಲ್ ಹಿಡೀತೈತಿ. ಬ್ಯಾಕಪ್ ಇರಲಿ ಅಂತ ಬ್ರಾಡ್‌ಬ್ಯಾಂಡ್ ಮ್ಯಾಲೆ ಹಾಕಿದ ಟನಲ್ ಅದು, ಅದ್ರಾಗೂ ಓಎಸ್‌ಪಿಎಫ್ ಓಡ್ತೈತಿ, ಎಲ್ಲಾ ಒಂದೇ ಗುಂಪು, ಏರಿಯಾ 0. ಟನಲ್ ಕಾಸ್ಟ್ (ಕಮ್ಮಿ ಇದ್ದ ದಾರೀನ ಓಎಸ್‌ಪಿಎಫ್ ಹಿಡಿಯೂದು) ಏರಿಸಿ ನೋಡಿದ್ರೂ ಏನೂ ಬದಲಾಗವಲ್ದು. ಪ್ರೊವೈಡರ್‌ಗೆ ಫೋನ್ ಮಾಡಿದ್ರ "ಸೆಷನ್ ಅಪ್ ಹೈ ಸರ್" ಅಂತಾರ, ಮುಗೀತು.

ವಾಸ್ಕೋ_ವಾಸು:
ಮೂರೇ ಸೈಟ್ ಅಲ್ವಾ ಗುರು, ಬಿಜಿಪಿ ಎಲ್ಲಾ ಯಾಕೆ, ಸ್ಟ್ಯಾಟಿಕ್ ರೂಟ್ (ಕೈಯಲ್ಲೇ ಬರೆದ ದಾರಿ) ಹಾಕಿ ಬಿಸಾಕು.

ಘಾಟ್ಕೋಪರ್_ಭಟ್ರು:
ವಾಸು, ಸ್ಟ್ಯಾಟಿಕ್ ಹಾಕಿದ್ರೆ ಪ್ರೊವೈಡರ್ ಒಳಗಡೆ ವರ್ನಾ ಲಿಂಕ್ ಸತ್ರೂ ಭೋಸರಿ ರೂಟರಿಗೆ ಗೊತ್ತಾಗಲ್ಲ ಮಾರಾಯ, ಅದರ ಇಂಟರ್‌ಫೇಸ್ ಅಪ್ಪೇ ಇರ್ತದೆ, ಬ್ಯಾಕಪ್ ಇದ್ದೂ ಉಪಯೋಗಕ್ಕೆ ಬರಲ್ಲ.

ಭೋಸರಿಯವರೇ, ಎರಡು ಸೈಟಿಗೆ ಒಂದೇ ಎಎಸ್ ನಂಬರ್ ಇರೋದೇ ಮೊದಲ್ನೇ ತೊಂದರೆ. ವರ್ನಾದಿಂದ ಹೊರಟ ರೂಟಿನ ಎಎಸ್ ಪಾತಲ್ಲಿ (ರೂಟು ದಾಟಿ ಬಂದ ಎಎಸ್ ನಂಬರ್‌ಗಳ ಪಟ್ಟಿ) 65010 ಇರ್ತದೆ, ಭೋಸರಿ ರೂಟರ್ ಅದನ್ನ ನೋಡಿ ಇದು ನನ್ನದೇ ರೂಟು ಸುತ್ತಿ ವಾಪಸ್ ಬಂತು ಅಂದ್ಕೊಂಡು ಬಿಸಾಡ್ತದೆ, ಬಿಜಿಪಿ ಲೂಪ್ ತಡೆಯೋದೇ ಹಾಗೆ. ಅಂಧೇರಿ ನಂಬರ್ ಬೇರೆ, ಅಲ್ಲಿ ಏನೂ ಆಗಲ್ಲ. ಬಿಜಿಪಿ ಅಪ್‌ಡೇಟ್ ಡಿಬಗ್ ಹಾಕಿ ನೋಡಿ, ಡಿನೈಡ್ ಅಂತ ಬಂದು ಪಕ್ಕದಲ್ಲೇ ಕಾರಣಾನೂ ಬರ್ತದೆ. ಪಿಇಯಲ್ಲಿ ನಿಮ್ಮ ನೇಬರ್ ಮೇಲೆ ಎಎಸ್-ಓವರ್‌ರೈಡ್ (ಪಾತಲ್ಲಿ ನಿಮ್ಮ ನಂಬರ್ ಬದಲು ಪ್ರೊವೈಡರ್ ನಂಬರ್ ಹಾಕೋದು) ಹಾಕ್ಲಿಕ್ಕೆ ಹೇಳಿ, ಎರಡೂ ಸೈಟಿಗೆ. ನಿಮ್ಮ ಕಡೆಯಿಂದ ಅಲೋ-ಎಎಸ್-ಇನ್ (ಪಾತಲ್ಲಿ ತನ್ನದೇ ನಂಬರ್ ಇದ್ರೂ ರೂಟ್ ತಗೊಳ್ಳೋದು) ಹಾಕಿದ್ರೂ ಆಗ್ತದೆ, ಆದ್ರೆ ಪಿಇ ಜುನಿಪರ್ ಆಗಿದ್ರೆ ಅದು ಆ ರೂಟನ್ನ ಡೀಫಾಲ್ಟಾಗಿ ನಿಮಗೆ ಕಳಿಸೋದೇ ಇಲ್ಲ, ಆಗ ಅವರೇ ಏನಾದ್ರೂ ಮಾಡ್ಬೇಕು. ಪ್ರೈವೇಟ್ ಎಎಸ್ 64512ರಿಂದ 65534ರವರೆಗೆ ಇದೆ, ಮೂರು ಸೈಟಿಗೆ ಮೂರು ನಂಬರ್ ಕೊಡೋಕೆ ಆ ವೆಂಡರಿಗೆ ಏನು ಕಷ್ಟ ಇತ್ತೋ.

ಭೋಸರಿ_ರೂಟರ್:
ಭಟ್ರ, ಡಿಬಗ್‌ನ್ಯಾಗ ನೀವು ಹೇಳಿದ್ದೇ ಬಂತು. ಪ್ರೊವೈಡರ್ ಓವರ್‌ರೈಡ್ ಹಾಕ್ಯಾನ, ಈಗ 10.20.0.0 ರೂಟು ಬಿಜಿಪಿ ಟೇಬಲ್‌ಗೆ ಬಂದೈತಿ, ಪಾತ್‌ನ್ಯಾಗ 65010 ಹೋಗಿ ಪ್ರೊವೈಡರ್ ನಂಬರೇ ಎರಡು ಸಲ ಕಾಣ್ತೈತಿ. ಖರೇ ಹೇಳ್ತೀನಿ, ಟ್ರಾಫಿಕ್ ಇನ್ನೂ ಟನಲ್‌ನ್ಯಾಗೇ ಐತಿ. ಡಿಸ್ಟೆನ್ಸ್ ಕಮ್ಮಿ ಇದ್ದ ಪ್ರೋಟೊಕಾಲೇ ಗೆಲ್ಲೂದು, ಇಬಿಜಿಪಿ (ಬೇರೆ ಎಎಸ್‌ನಿಂದ ಬಂದ ಬಿಜಿಪಿ) ಡಿಸ್ಟೆನ್ಸ್ 20, ಓಎಸ್‌ಪಿಎಫ್ 110, ಬಿಜಿಪಿನೇ ಗೆಲ್ಲಬೇಕಲ್ರಿ?

ಪಿಂಪ್ರಿ_ಪಾಟೀಲ:
ಬಿಜಿಪಿ ಟೇಬಲ್‌ನ್ಯಾಗ ಆ 10.20.0.0ಕ್ಕ ಎರಡು ಸಾಲು ಇರಬೇಕು ನೋಡ್ರಿ, ಬೆಸ್ಟ್ ಅನ್ನೋ ಗುರುತು ಪ್ರೊವೈಡರ್ ಸಾಲಿಗಲ್ಲ, ವೇಟ್ 32768 ಇರೋ ಸಾಲಿಗೆ ಇರತೈತಿ. ಇಷ್ಟು ದಿನ ವರ್ನಾ ರೂಟು ಟನಲ್ ಮೂಲಕ ಓಎಸ್‌ಪಿಎಫ್‌ನಿಂದ ಬರತಿತ್ತು, ನೀವು ಫಿಲ್ಟರ್ ಇಲ್ದ ರೀಡಿಸ್ಟ್ರಿಬ್ಯೂಟ್ ಮಾಡಿದ್ದಕ್ಕ ರೂಟರ್ ಅದನ್ನೇ ಬಿಜಿಪಿಗೆ ತನ್ನ ಸ್ವಂತ ರೂಟ್ ಅಂತ ಹಾಕ್ಕೊಂಡೈತಿ. ಸಿಸ್ಕೋದಾಗ ಸ್ವಂತ ರೂಟಿಗೆ ವೇಟ್ 32768, ಹೊರಗಿಂದ ಬಂದಿದ್ದಕ್ಕ 0, ವೇಟ್ ಜಾಸ್ತಿ ಇದ್ದಿದ್ದೇ ಗೆಲ್ಲತೈತಿ. ಬಿಜಿಪಿ ಒಳಗೇ ಸೋತಿದ್ದು ಡಿಸ್ಟೆನ್ಸ್ ಪಂದ್ಯಕ್ಕ ಎಲ್ಲಿಂದ ಬರತೈತ್ರಿ? ಮ್ಯಾಲಾಗಿ ವರ್ನಾ ನೆಟ್‌ವರ್ಕ್ ನಂದು ಅಂತ ಭೋಸರಿ ಪ್ರೊವೈಡರ್‌ಗೂ ಸಾರತೈತಿ. ರೂಟ್-ಮ್ಯಾಪ್‌ನ್ಯಾಗ (ರೀಡಿಸ್ಟ್ರಿಬ್ಯೂಟ್‌ಗೆ ಹಾಕೂ ಫಿಲ್ಟರ್) ಪ್ರಿಫಿಕ್ಸ್-ಲಿಸ್ಟ್ (ನೆಟ್‌ವರ್ಕ್‌ಗಳ ಪಟ್ಟಿ) ಹಾಕಿ ಭೋಸರಿ ಸಬ್‌ನೆಟ್ ಅಷ್ಟೇ ಬಿಡ್ರಿ, ವರ್ನಾದಾಗೂ ಹಂಗೇ.

ಅಷ್ಟಕ್ಕೇ ಮುಗೀಲಿಲ್ಲ. ನಿಮ್ಮ ಮುಖ್ಯ ಕೋರ್ ಸ್ವಿಚ್‌ಗೆ ಟನಲ್‌ನಿಂದ ಬಂದಿದ್ದು ಇಂಟ್ರಾ-ಏರಿಯಾ (ಅದೇ ಏರಿಯಾ ಒಳಗಿನ) ರೂಟು, ಎಂಪಿಎಲ್ಎಸ್ ರೂಟರ್ ಕೊಡೂದು ಇ2 (ಹೊರಗಿಂದ ರೀಡಿಸ್ಟ್ರಿಬ್ಯೂಟ್ ಆಗಿ ಬಂದ ರೂಟು). ಓಎಸ್‌ಪಿಎಫ್ ಮೊದಲ ರೂಟಿನ ಜಾತಿ ನೋಡತೈತಿ, ಒಳಗಿನದಕ್ಕೇ ಮೊದಲ ಮಣೆ, ಆಮೇಲೆ ಕಾಸ್ಟ್, ಅದಕ್ಕ ನೀವು ಕಾಸ್ಟ್ ಎಷ್ಟು ಏರಿಸಿದ್ರೂ ಅಷ್ಟೇ. ಟನಲ್‌ನ ಓಎಸ್‌ಪಿಎಫ್‌ನಿಂದ ತೆಗದು, ಕೋರ್‌ನ್ಯಾಗ ಫೈರ್‌ವಾಲ್ ಕಡೆ ಡಿಸ್ಟೆನ್ಸ್ 250ರ ಫ್ಲೋಟಿಂಗ್ ಸ್ಟ್ಯಾಟಿಕ್ (ಬೇರೆ ರೂಟ್ ಹೋದಾಗಷ್ಟೇ ಬಳಕೆಗೆ ಬರೂ ಸ್ಟ್ಯಾಟಿಕ್) ಹಾಕ್ರಿ. ಮಾಸ್ಕ್ /16 ಇರಲಿ, /24 ಬರದ್ರೋ ಸಣ್ಣ ನೆಟ್‌ವರ್ಕ್‌ನ ರೂಟು ಅಂತ ಅದೇ ಗೆದ್ದುಬಿಡತೈತಿ. ಎರಡೂ ಸೈಟ್‌ನ್ಯಾಗ ಒಂದೇ ಹೊತ್ತಿಗೆ ಮಾಡ್ರಿ, ಇಲ್ಲಾಂದ್ರ ಹೋಗೂ ದಾರಿ ಒಂದು ಬರೂ ದಾರಿ ಒಂದಾಗಿ ಫೈರ್‌ವಾಲ್ ಡ್ರಾಪ್ ಮಾಡತೈತಿ.

ವಾಸ್ಕೋ_ವಾಸು:
ಕೊನೆಗೆ ಸ್ಟ್ಯಾಟಿಕ್ಕೇ ಬಂತಲ್ಲ 😄

ಭೋಸರಿ_ರೂಟರ್:
32768 ಅಂತೂ ಹಂಗೇ ಇತ್ತು ಪಾಟೀಲ್ರ! ಫಿಲ್ಟರ್ ಹಾಕಿ ಟನಲ್ ಓಎಸ್‌ಪಿಎಫ್ ತಗದ ಮ್ಯಾಲೆ ಟ್ರೇಸ್‌ನ್ಯಾಗ ಎರಡನೇ ಹಾಪ್ (ದಾರಿಯಾಗಿನ ರೂಟರ್) ಪಿಇ ಬಂತು. ವರ್ನಾದ ಎಂಪಿಎಲ್ಎಸ್ ಕೇಬಲ್ ಕಿತ್ತಿ ನೋಡಿದ್ವಿ, ಭೋಸರಿಯಿಂದ ಟನಲ್ ಹಿಡೀತು, ಆದ್ರ ಅಂಧೇರಿಯಿಂದ ವರ್ನಾ ಸಿಗಲಿಲ್ಲ.

ಘಾಟ್ಕೋಪರ್_ಭಟ್ರು:
ಸಿಗಲ್ಲ, ಈಗ ಭೋಸರಿ ಆ ರೂಟ್ ಸಾರ್ತಿಲ್ಲ ಅಲ್ವಾ. ಅಂಧೇರಿಯಿಂದ ವರ್ನಾಗೆ ಇನ್ನೊಂದು ಟನಲ್ ಹಾಕಿಬಿಡಿ, ಭೋಸರಿ ಮೇಲಿಂದ ಸುತ್ತಿಸೋಕೆ ಹೋಗ್ಬೇಡಿ. ಮುಂದೆ ಭೋಸರಿಗೆ ಎರಡನೇ ಎಂಪಿಎಲ್ಎಸ್ ಲಿಂಕ್ ತಗೊಂಡ್ರೆ ಮಾತ್ರ ಸೈಟ್ ಆಫ್ ಒರಿಜಿನ್ (ರೂಟು ಯಾವ ಸೈಟಿಂದು ಅನ್ನೋ ಗುರುತು) ಹಾಕ್ಲಿಕ್ಕೆ ಪ್ರೊವೈಡರಿಗೆ ಮೊದಲೇ ಹೇಳಿ, ಯಾಕಂದ್ರೆ ಓವರ್‌ರೈಡ್ ಹಾಕಿದ ಮೇಲೆ ನಿಮ್ಮದೇ ರೂಟು ಇನ್ನೊಂದು ಲಿಂಕಿಂದ ಒಳಗೆ ಬಂದ್ರೂ ರೂಟರಿಗೆ ಗುರುತು ಸಿಗಲ್ಲ.