'ಸಿನ್ಸ್' ತೆಗೆದು 'ಫಾರ್' ಹಾಕಿದರೂ ನೀಲಿ ಗೆರೆ ಹೋಗುತ್ತಿಲ್ಲ

ತೋಟದಮನೆ (ಶಿರಸಿ):
ಮೂರು ದಿನಗಳಿಂದ ನಮ್ಮ ಹೋಮ್‌ಸ್ಟೇಯ ಪರಿಚಯವನ್ನು ಇಂಗ್ಲಿಷ್‌ನಲ್ಲಿ ಬರೆಯುತ್ತಿದ್ದೇನೆ. ಮೊದಲ ವಾಕ್ಯದ ಕೆಳಗೆ ವ್ಯಾಕರಣ ತಪಾಸಣೆಯ ನೀಲಿ ಗೆರೆ ಬೀಳುತ್ತಲೇ ಇದೆ. 'ಸಿನ್ಸ್' ತಪ್ಪೆಂದು ತಂಗಿ ಹೇಳಿದ್ದರಿಂದ 'ಫಾರ್' ಹಾಕಿದೆ; ಗೆರೆ ಕದಲಲಿಲ್ಲ. ತಂತ್ರಾಂಶವೇ ಕೆಟ್ಟಿದೆಯೇ?

ಕಾಳಿತೀರ (ಕಾರವಾರ):
ಇದು ಖಂಡಿತವಾಗಿ ಭಾಷೆಯ ಸೆಟ್ಟಿಂಗ್‌ನ ದೋಷ. ಅದು ಅಮೆರಿಕನ್ ಇಂಗ್ಲಿಷ್‌ನಲ್ಲಿದ್ದರೆ ನಾವು ಶಾಲೆಯಲ್ಲಿ ಕಲಿತ ಬ್ರಿಟಿಷ್ ಇಂಗ್ಲಿಷಿಗೆಲ್ಲ ಗೆರೆ ಎಳೆಯುತ್ತದೆ.

ತೋಟದಮನೆ:
ಬದಲಿಸಿದೆ. 'ಕಲರ್' ಎಂಬುದರ ಕೆಳಗಿನ ಕೆಂಪು ಗೆರೆ ಹೋಯಿತು, ನೀಲಿಯದು ಹಾಗೆಯೇ ಇದೆ.

ಕಾಳಿತೀರ:
ಹಾಗಾದರೆ ತಂತ್ರಾಂಶವನ್ನು ಮುಚ್ಚಿ ತೆರೆದಿಲ್ಲ. ನಾನು ಎರಡು ಪರದೆಗಳಲ್ಲಿ ಬ್ರಿಟಿಷ್, ಅಮೆರಿಕನ್, ಭಾರತೀಯ ಇಂಗ್ಲಿಷ್‌ನ ಮೂರೂ ನಿಘಂಟುಗಳನ್ನು ತೆರೆದಿಟ್ಟುಕೊಂಡೇ ಬರೆಯುತ್ತೇನೆ. ಒಂದು ದಿನವೂ ಇಂಥ ತೊಂದರೆಯಾಗಿಲ್ಲ.

ಶರಾವತಿ ದಂಡೆ (ಹೊನ್ನಾವರ):
ಮೂರು ನಿಘಂಟುಗಳಿದ್ದೂ ಹೋದ ವಾರ ತಾವೇ ಇಲ್ಲಿ 'ಡಿಸ್ಕಸ್ ಅಬೌಟ್' ಎಂದು ಬರೆದಿದ್ದಿರಿ. 'ಡಿಸ್ಕಸ್' ಎಂಬುದರಲ್ಲಿಯೇ 'ಬಗ್ಗೆ' ಅಡಗಿದೆ, ಸ್ವಾಮಿ.

ಕಾಳಿತೀರ:
ಅದು ಬೆರಳಚ್ಚಿನ ತಪ್ಪು.

ಶರಾವತಿ ದಂಡೆ:
ಐದಕ್ಷರಗಳ ಇಡೀ ಪದವೇ ಬೆರಳು ಜಾರಿ ಬಂತೇ?

ನಿವೃತ್ತ ಅಕ್ಕೋರು (ಕುಮಟಾ):
ಆ ವಾಕ್ಯವನ್ನೇ ಯಾರೂ ಕೇಳಲಿಲ್ಲವಲ್ಲ! ತೋಟದಮನೆಯವರೇ, ಇದ್ದದ್ದನ್ನು ಇದ್ದಂತೆ ಇಲ್ಲಿ ಹಾಕಿ.

ತೋಟದಮನೆ:
ಕ್ಷಮಿಸಿ ಅಕ್ಕೋರೇ, ಗೊತ್ತಾಗುತ್ತದೆ ಅಂದುಕೊಂಡಿದ್ದೆ. 'ವಿ ಆರ್ ರನ್ನಿಂಗ್ ದಿಸ್ ಹೋಮ್‌ಸ್ಟೇ ಫಾರ್ ಟ್ವೆಲ್ವ್ ಇಯರ್ಸ್.'

ನಿವೃತ್ತ ಅಕ್ಕೋರು:
ನಿಮ್ಮ ಮೂಲ ವಾಕ್ಯದಲ್ಲಿದ್ದದ್ದು ಎರಡು ತಪ್ಪು, ನೀವು ತಿದ್ದಿದ್ದು ಒಂದನ್ನು. '1998ರಿಂದ ಕೊಂಕಣ ರೈಲು ಓಡುತ್ತಿದೆ' ಎನ್ನುವಾಗಲೂ 'ಹನ್ನೆರಡು ವರ್ಷಗಳಿಂದ ಹೋಮ್‌ಸ್ಟೇ ನಡೆಸುತ್ತಿದ್ದೇವೆ' ಎನ್ನುವಾಗಲೂ ಕನ್ನಡಕ್ಕೆ 'ಇಂದ' ಒಂದೇ ಸಾಕು. ಇಂಗ್ಲಿಷ್‌ನಲ್ಲಾದರೋ ಶುರುವಾದ ವರ್ಷಕ್ಕೆ 'ಸಿನ್ಸ್', ಕಳೆದ ಅವಧಿಗೆ 'ಫಾರ್'. ನಿಮ್ಮ ತಂಗಿ ಹೇಳಿದ್ದು ಸರಿಯೇ. ಉಳಿದ ತೊಡಕು ಕ್ರಿಯಾಪದದ್ದು. ನಮ್ಮ 'ನಡೆಸುತ್ತಿದ್ದೇವೆ' ಎಂಬುದು ಅಂದಿನಿಂದ ಇಂದಿನವರೆಗಿನ ಕಾಲವನ್ನೆಲ್ಲ ತಾನೇ ಹೊತ್ತು ತರುತ್ತದೆ, 'ಆರ್ ರನ್ನಿಂಗ್' ಅದನ್ನು ಹೊರಲಾರದು. ಅಲ್ಲಿ 'ಹ್ಯಾವ್ ಬೀನ್ ರನ್ನಿಂಗ್' ಎಂದೇ ಬರೆಯಬೇಕು. ಈಗಿರುವಂತೆ ಬಿಟ್ಟರೆ, ಇನ್ನು ಮುಂದೆ ಹನ್ನೆರಡು ವರ್ಷ ನಡೆಸುವ ಯೋಚನೆ ನಿಮಗಿದೆ ಎಂದು ಅತಿಥಿಗಳು ತಿಳಿದಾರು. ಹಾಗೆಂದು ಕಂಡಲ್ಲೆಲ್ಲ 'ಹ್ಯಾವ್' ಸೇರಿಸಬೇಡಿ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿಯಿತು ಎನ್ನುವಾಗ ದಿನ ಗೊತ್ತಾಗಿ ಮುಗಿದ ಸಂಗತಿಯಾದ್ದರಿಂದ 'ಕೊಲ್ಯಾಪ್ಸ್ಡ್' ಎಂದಷ್ಟೇ ಬರಬೇಕು, 'ಹ್ಯಾಸ್ ಕೊಲ್ಯಾಪ್ಸ್ಡ್' ಸಲ್ಲದು. ಬ್ರಿಟನ್, ಅಮೆರಿಕ ಎರಡೂ ಕಡೆ ಈ ನಿಯಮ ಒಂದೇ. ಸೆಟ್ಟಿಂಗ್ ಅನ್ನು ದೂರಿ ಪ್ರಯೋಜನವಿಲ್ಲ.

ಕಾಳಿತೀರ:
ಸೆಟ್ಟಿಂಗ್ ಬದಲಿಸಿದ್ದರಿಂದ 'ಕಲರ್' ಸರಿಹೋಗಿದ್ದನ್ನು ಅಕ್ಕೋರು ಗಮನಿಸಿದಂತಿಲ್ಲ.

ತೋಟದಮನೆ:
ನೀಲಿ ಗೆರೆ ಹೋಯಿತು ಅಕ್ಕೋರೇ, ಬಹಳ ಉಪಕಾರವಾಯಿತು. ಆದರೆ ಈಗ ಎರಡನೆಯ ವಾಕ್ಯಕ್ಕೆ ಬಿದ್ದಿದೆ: 'ವಿ ಆರ್ ಹ್ಯಾವಿಂಗ್ ಫೋರ್ ರೂಮ್ಸ್.'

ಕಾಳಿತೀರ:
ಈ ಸಲವಾದರೂ ತಂತ್ರಾಂಶವನ್ನು ಮುಚ್ಚಿ ತೆರೆದು ನೋಡಿ.